ಮಾತಿಗೆ ನಿಲ್ಲುವ ಮುನ್ನ

ಕೆಜಿಎಫ್‌ನ ಉರಿಗಾಂನಲ್ಲಿ ಸಭೆ ಸೇರಿದರೆ ತಮಿಳು, ತೆಲುಗು, ಕನ್ನಡ, ಉರ್ದು ಮನೆಮಾತಿನವರು ಒಟ್ಟಿಗೇ ಕೂತಿರುತ್ತಾರೆ. ಇಲ್ಲಿ ಮೈಕಿನ ಮುಂದೆ ನಿಲ್ಲುವ ಗೆಳೆಯರೇ, ಮೊದಲು ಕೇಳುವವರು ಯಾರೆಂದು ತಿಳಿಯಿರಿ; ಮಾತನ್ನು ಆಮೇಲೆ ಜೋಡಿಸಿಕೊಳ್ಳಿ.

ಮಾತು ತಲುಪುವುದೆಂದರೇನು ಎಂಬುದಕ್ಕೆ ನಮ್ಮ ಗಣಿಯೇ ಉದಾಹರಣೆ. 2001ರಲ್ಲಿ ಮುಚ್ಚಿದ ಈ ಚಿನ್ನದ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳವಿತ್ತು. ಅದರ ತಳದಿಂದ ಕೂಗಿದರೆ ಮೇಲಿನವರಿಗೆ ಕೇಳುತ್ತಿರಲಿಲ್ಲ. ಆಳುಗಳಿದ್ದ ಕೇಜನ್ನು, ಅಂದರೆ ಗಣಿಯ ಲಿಫ್ಟನ್ನು, ಏರಿಸಲು, ಇಳಿಸಲು, ನಿಲ್ಲಿಸಲು ಗಂಟೆಯ ಸನ್ನೆಗಳಿದ್ದವು. ಎಷ್ಟು ಬಡಿತಕ್ಕೆ ಏನರ್ಥ ಎಂಬುದು ಮೇಲಿನವರಿಗೂ ಕೆಳಗಿನವರಿಗೂ ಗೊತ್ತಿರಲೇಬೇಕಿತ್ತು. ತಪ್ಪಿದರೆ ಜೀವಕ್ಕೇ ಕುತ್ತು. ಮಾತಿನ ಬುನಾದಿಯೂ ಇದೇ: ಇಬ್ಬರಿಗೂ ತಿಳಿದ ಪದ, ಗೊಂದಲವಿಲ್ಲದ ವಿಷಯ, ತಲುಪಿತೆಂಬ ಖಾತರಿ.

ಹೇಳಬೇಕಾದ್ದನ್ನು ಒಂದೇ ವಾಕ್ಯದಲ್ಲಿ ಬರೆದುಕೊಳ್ಳಿ. ಅದು ಆಗದಿದ್ದರೆ ವಿಷಯ ನಿಮಗೇ ಇನ್ನೂ ಸ್ಪಷ್ಟವಾಗಿಲ್ಲ. ಮನೆಯಲ್ಲಿ ಗಟ್ಟಿಯಾಗಿ ಹೇಳಿ ನೋಡಿ. ವೇದಿಕೆಯಲ್ಲಿ ಚಿಕ್ಕ ವಾಕ್ಯಗಳಿರಲಿ, ಮುಖ್ಯ ಮಾತಿನ ನಂತರ ತುಸು ನಿಲ್ಲಿ. ಕೊನೆಯ ಸಾಲಿನವರ ಮುಖ ನೋಡುತ್ತಿರಿ. ಹಿರಿಯರೊಬ್ಬರಿಗೆ ಕನ್ನಡ ಪೂರ್ತಿ ತಿಳಿಯಲಿಲ್ಲವೆನಿಸಿದರೆ ಅದನ್ನೇ ತಮಿಳಿನಲ್ಲೋ ತೆಲುಗಿನಲ್ಲೋ ಇನ್ನೊಮ್ಮೆ ಹೇಳಿ. ಅದರಿಂದ ಯಾವ ಭಾಷೆಗೂ ಕುಂದಿಲ್ಲ. ಮುಗಿಸುವ ಮುನ್ನ ಪ್ರಶ್ನೆಗೆ ಸಮಯವಿಡಿ. ಜನ ಕೇಳುವ ಪ್ರಶ್ನೆಯಿಂದಲೇ ನಿಮ್ಮ ಮಾತು ಎಷ್ಟು ಮುಟ್ಟಿತೆಂದು ತಿಳಿಯುತ್ತದೆ.