ಚಿಕ್ಕ ಲೇತು: ಕೂರಿಸುವುದು ಮೊದಲು, ಕೊಳ್ಳುವುದು ಆಮೇಲೆ

ಬೆಟ್ಟದಪುರದ ಸುತ್ತಮುತ್ತ ಹೊಗೆಸೊಪ್ಪು ಬೆಳೆಯುವ ಮನೆಗಳಲ್ಲಿ ಔಷಧಿ ಹೊಡೆಯುವ ಪಂಪು, ಟಿಲ್ಲರ್, ನೀರೆತ್ತುವ ಮೋಟರ್ ಇಲ್ಲದ ಮನೆ ಕಡಿಮೆ. ಇವುಗಳಲ್ಲಿ ಒಂದು ಬುಶ್ ಸವೆದರೂ ಪಿರಿಯಾಪಟ್ಟಣಕ್ಕೋ ಹುಣಸೂರಿಗೋ ಹೋಗಿ ಲೇತ್ ಅಂಗಡಿಯವರ ಬಿಡುವಿಗೆ ಕಾಯಬೇಕು. ಹಾಗಾಗಿ ಐಟಿಐ ಮುಗಿಸಿದ ಹುಡುಗರು, ರಿಪೇರಿ ಕೈಗೆ ಹತ್ತಿದ ರೈತರು, ನಿವೃತ್ತರಾದ ಮೇಷ್ಟ್ರುಗಳೂ ಮನೆಯಲ್ಲೇ ಒಂದು ಚಿಕ್ಕ ಲೇತು ಇಟ್ಟುಕೊಳ್ಳಬಹುದೇ ಎಂದು ಕೇಳುತ್ತಾರೆ. ಖಂಡಿತ ಇಟ್ಟುಕೊಳ್ಳಬಹುದು. ಆದರೆ ಲೇತ್ ಮನೆಗೆ ಬಂದ ವಾರದಲ್ಲೇ ಹೊಸ ಟೂಲ್ ಪೋಸ್ಟು, ಲೋಹದ ಗೇರು, ಡಿಜಿಟಲ್ ಮೀಟರು ಎಂದು ಹಣ ಸುರಿಯಬೇಡಿ. ಮೊದಲು ಅದನ್ನು ಸರಿಯಾಗಿ ಕೂರಿಸಿ, ಅಳೆದು ನೋಡಿ. ಏನು ಕೊಳ್ಳಬೇಕು, ಯಾವುದು ಬೇಡ ಎಂಬುದು ಆ ಅಳತೆಯಿಂದ ಗೊತ್ತಾಗುತ್ತದೆ.

ಲೇತಿನ ಕೆಲಸ ಇಷ್ಟೇ: ಕಂಬಿಯನ್ನು ಚಕ್ಕಿನಲ್ಲಿ ಹಿಡಿದು ತಿರುಗಿಸುವುದು, ಹರಿತವಾದ ಟೂಲನ್ನು ನೇರ ದಾರಿಯಲ್ಲಿ ಅದರ ಮೇಲೆ ಸಾಗಿಸುವುದು. ಚಕ್ ಹಿಡಿದ ಭಾಗ ಹೆಡ್‌ಸ್ಟಾಕ್. ಎದುರಿನ ತುದಿಯಲ್ಲಿ ಕಂಬಿಗೆ ಆಸರೆ ಕೊಡುವುದು ಟೇಲ್‌ಸ್ಟಾಕ್. ಇವೆರಡೂ ಕೂತಿರುವ ಎರಕದ ಕಬ್ಬಿಣದ ಹಾಸು ಬೆಡ್. ಬೆಡ್ಡಿನ ಮೇಲೆ ಉದ್ದಕ್ಕೂ ಓಡುವುದು ಕ್ಯಾರೇಜ್, ಅದರ ಮೇಲೆ ಅಡ್ಡಕ್ಕೆ ಓಡುವುದು ಕ್ರಾಸ್ ಸ್ಲೈಡ್. ಟೂಲನ್ನು ಹಿಡಿಯುವುದು ಟೂಲ್ ಪೋಸ್ಟ್. ಕಂಬಿ ತಿರುಗುವ ಅಕ್ಷ ಮತ್ತು ಟೂಲ್ ಸಾಗುವ ದಾರಿ ಒಂದಕ್ಕೊಂದು ಸಮಾನಾಂತರವಾಗಿದ್ದರೆ ಉರುಳೆ ಸಿಗುತ್ತದೆ, ಇಲ್ಲದಿದ್ದರೆ ಗಜ್ಜರಿಯ ಆಕಾರ ಸಿಗುತ್ತದೆ.

ಈ ವಿಷಯದಲ್ಲಿ ನಮ್ಮ ನಾಡಿಗೆ ದೊಡ್ಡ ಪರಂಪರೆಯೇ ಇದೆ. ಹರಿಹರದ ಮೈಸೂರು ಕಿರ್ಲೋಸ್ಕರ್ 1941ರಲ್ಲಿ ಶುರುವಾಯಿತು. ಬೆಂಗಳೂರಿನ ಎಚ್‌ಎಂಟಿ 1953ರಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ನೆರವಿನಿಂದ ಹುಟ್ಟಿತು. ಇವರ ಹಳೆಯ ಲೇತುಗಳು ಇಂದಿಗೂ ಊರೂರಿನ ವರ್ಕ್‌ಶಾಪುಗಳಲ್ಲಿ ತಿರುಗುತ್ತಿವೆ. ಲೇತನ್ನು ಹೇಗೆ ಪರೀಕ್ಷಿಸಬೇಕೆಂದು ಜರ್ಮನಿಯ ಗೇಯಾರ್ಗ್ ಶ್ಲೆಸಿಂಗರ್ 1927ರಲ್ಲೇ ಪುಸ್ತಕ ಬರೆದರು. ಒಳ್ಳೆಯ ಕಾರ್ಖಾನೆಗಳು ಅದೇ ಕ್ರಮದಲ್ಲಿ ಪ್ರತಿ ಯಂತ್ರವನ್ನೂ ಅಳೆದು, ಪರೀಕ್ಷಾ ಪಟ್ಟಿಯನ್ನು ಯಂತ್ರದ ಜೊತೆಗೇ ಕೊಡುತ್ತಿದ್ದವು. ಇಂದು ಹವ್ಯಾಸಿಗಳ ಕೈಗೆ ಬರುವ, 180 ಮಿ.ಮೀ. ವ್ಯಾಸದ ಕೆಲಸ ಹಿಡಿಯುವ, ಹೆಚ್ಚಾಗಿ ಚೀನಾದಲ್ಲಿ ಎರಕ ಹೊಯ್ದ ಮಿನಿ ಲೇತಿನ ಮೇಲೆ ಅಷ್ಟು ಕೈಕೆಲಸ ಆಗಿರುವುದಿಲ್ಲ. ಉಳಿದ ಕೆಲಸ ನಮ್ಮ ಪಾಲಿನದು, ಆ ಪಟ್ಟಿಯನ್ನೂ ನಾವೇ ಬರೆಯಬೇಕು. ಅದಕ್ಕೆ ಒಂದು ನೋಟ್‌ಬುಕ್, ಒಂದು ಮೈಕ್ರೋಮೀಟರ್, ಮ್ಯಾಗ್ನೆಟ್ ಸ್ಟ್ಯಾಂಡಿನ ಸಮೇತ ಒಂದು ಡಯಲ್ ಗೇಜ್ ಬೇಕು. ಈ ಮೂರಕ್ಕೆ ಹಣ ಹಾಕಲು ಹಿಂಜರಿಯಬೇಡಿ.

ಪೆಟ್ಟಿಗೆ ಬಿಚ್ಚಿದಾಗ ಯಂತ್ರಕ್ಕೆಲ್ಲ ಅಂಟಂಟಾದ ಗ್ರೀಸು ಮೆತ್ತಿರುತ್ತದೆ. ಅದು ಸಾಗಣೆಯಲ್ಲಿ ತುಕ್ಕು ಹಿಡಿಯದಿರಲೆಂದು ಹಚ್ಚಿದ್ದು, ಯಂತ್ರ ಓಡಿಸಲು ಅಲ್ಲ. ಸೀಮೆಎಣ್ಣೆ ಅಥವಾ ಡೀಸೆಲ್ ಬಟ್ಟೆಯಿಂದ ಪೂರ್ತಿ ಒರೆಸಿ, ಸ್ಲೈಡುಗಳನ್ನು ಬಿಚ್ಚಿ ಒಳಗಿನ ಲೋಹದ ಪುಡಿಯನ್ನೂ ತೆಗೆಯಿರಿ. ನಂತರ 68 ನಂಬರಿನ ಎಣ್ಣೆ ಸವರಿ. ನಮ್ಮ ಕಡೆ ಮಳೆ ಹಿಡಿದರೆ ಗೋಡೆಯೂ ಬೆವರುತ್ತದೆ. ಹೊಗೆಸೊಪ್ಪು ಹದಮಾಡುವ ಬ್ಯಾರನ್ ಪಕ್ಕದ ಶೆಡ್ಡಿನಲ್ಲಿ ಬೂದಿ, ಹೊಗೆಯೂ ಇರುತ್ತವೆ. ಲೇತನ್ನು ಅಲ್ಲಿಡದೆ ಮನೆಯ ಒಣ ಕೋಣೆಯಲ್ಲಿಡಿ, ಕೆಲಸ ಮುಗಿದ ಮೇಲೆ ಬೆಡ್ ಒರೆಸಿ ಎಣ್ಣೆ ಹಚ್ಚಿ ಮುಚ್ಚಿಡಿ. ಒಂದು ಆಷಾಢದ ಅಲಕ್ಷ್ಯಕ್ಕೆ ಬೆಡ್ಡಿನ ನುಣುಪು ಹೋದರೆ ಮರಳಿ ಬರುವುದಿಲ್ಲ.

ಕರೆಂಟಿನ ಮಾತೂ ಇಲ್ಲೇ ಆಗಲಿ. ಮಿನಿ ಲೇತಿನ ಡಿ.ಸಿ. ಮೋಟರು ಮನೆಯ ಸಿಂಗಲ್ ಫೇಸಿನಲ್ಲಿ ಓಡುತ್ತದೆ, ಆದರೆ ಅದರ ವೇಗ ನಿಯಂತ್ರಿಸುವ ಬೋರ್ಡು ಬಲು ನಾಜೂಕು. ಬೆಟ್ಟದಪುರದ ಬೆಟ್ಟದ ಮೇಲಿನ ದೇವರಿಗೆ ಸಿಡಿಲು ಮಲ್ಲಿಕಾರ್ಜುನನೆಂದೇ ಹೆಸರು, ಹಾಗಾಗಿ ಸಿಡಿಲನ್ನು ಹಗುರವಾಗಿ ಕಾಣಬೇಡಿ. ಮುಂಗಾರಿಗೆ ಮುಂಚಿನ ಗುಡುಗು ಮಿಂಚಿನ ದಿನಗಳಲ್ಲಿ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕಿತ್ತಿಡಿ. ಅರ್ಥಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರಿಷಿಯನ್ನಿಂದ ಪರೀಕ್ಷೆ ಮಾಡಿಸದೆ ಯಂತ್ರ ಚಾಲೂ ಮಾಡಬೇಡಿ. ಹಳೆಯ ಬೆಲ್ಟ್ ಲೇತ್ ಕೊಂಡವರಿಗೆ ಮೂರು ಫೇಸಿನ ಮೋಟರ್ ಸಿಗುತ್ತದೆ. ಅದನ್ನು ವಿಎಫ್‌ಡಿ ಎಂಬ ಸಾಧನದ ಮೂಲಕ ಸಿಂಗಲ್ ಫೇಸಿನಲ್ಲಿ ಓಡಿಸಬಹುದು, ಆದರೆ ಮೋಟರಿನ ನಾಮಫಲಕದಲ್ಲಿ 230 ವೋಲ್ಟ್ ಡೆಲ್ಟಾ ಜೋಡಣೆ ಬರೆದಿದ್ದರೆ ಮಾತ್ರ.

ಇನ್ನು ಕೂರಿಸುವ ಕೆಲಸ. ಬೆಂಚು ಅಲುಗಬಾರದು. 50 ಮಿ.ಮೀ. ಆಂಗಲಿನಿಂದ ವೆಲ್ಡ್ ಮಾಡಿಸಿದ ಚೌಕಟ್ಟಿನ ಮೇಲೆ ದಪ್ಪ ಕಲ್ಲುಚಪ್ಪಡಿ ಹಾಕಿದರೆ ಸಾಕು. ನಮ್ಮ ಕಡೆ ಕಲ್ಲಿಗೇನೂ ಬರವಿಲ್ಲ, ನಡುಕವನ್ನು ಅದು ಚೆನ್ನಾಗಿ ಹೀರಿಕೊಳ್ಳುತ್ತದೆ. ಹೊಸಬರು ತಪ್ಪುವುದು ಬೋಲ್ಟ್ ಬಿಗಿಯುವಾಗ. ಏರುಪೇರಿನ ನೆಲದ ಮೇಲಿಟ್ಟ ಮಂಚದ ಒಂದು ಕಾಲು ಎದ್ದಿರುತ್ತದಲ್ಲ, ಲೇತಿನ ಬೆಡ್ಡೂ ಹಾಗೆಯೇ. ಎದ್ದ ಕಾಲನ್ನು ಬೋಲ್ಟ್ ಹಾಕಿ ಎಳೆದು ಬಿಗಿದರೆ ಬೆಡ್ ಕಣ್ಣಿಗೆ ಕಾಣದಷ್ಟು ತಿರುಚಿಕೊಳ್ಳುತ್ತದೆ. ಗಾರೆಯವರ ಮಟ್ಟಗೋಲಿಗೆ ಆ ತಿರುಚು ಸಿಕ್ಕುವುದಿಲ್ಲ. ಹಾಗಾಗಿ ಬೋಲ್ಟುಗಳನ್ನು ಬೆರಳಲ್ಲಿ ತಿರುಗಿಸಿದಷ್ಟೇ ಬಿಗಿಮಾಡಿ, ಎದ್ದ ಕಾಲಿನ ಕೆಳಗೆ ತೆಳು ತಗಡಿನ ಶಿಮ್ ತುಂಬಿ, ಆಮೇಲೆ ಸ್ವಲ್ಪ ಸ್ವಲ್ಪವೇ ಬಿಗಿಯಿರಿ.

ತಿರುಚು ಇದೆಯೇ ಎಂದು ಲೇತಿನ ಬಾಯಿಂದಲೇ ಹೇಳಿಸಬಹುದು, ಅದನ್ನು ಸ್ವಲ್ಪ ವಿವರವಾಗಿ ನೋಡೋಣ. 25 ಮಿ.ಮೀ. ದಪ್ಪದ ಅಲ್ಯುಮಿನಿಯಂ ಕಂಬಿಯನ್ನು ಚಕ್ಕಿನಿಂದ ಸುಮಾರು 125 ಮಿ.ಮೀ. ಹೊರಗೆ ಬರುವಂತೆ ಹಿಡಿಯಿರಿ. ಟೇಲ್‌ಸ್ಟಾಕಿನ ಆಸರೆ ಬೇಡ. ಚಕ್ಕಿನ ಬಳಿ ಒಂದು, ತುದಿಯಲ್ಲಿ ಒಂದು, ಬೆರಳಗಲದ ಎರಡು ಪಟ್ಟಿ ಬಿಟ್ಟು ನಡುವಿನ ಭಾಗವನ್ನು ತುಸು ಕೊರೆದು ತೆಗೆಯಿರಿ. ಈಗ ಚೆನ್ನಾಗಿ ಹರಿತ ಮಾಡಿದ ಟೂಲಿನಿಂದ, ಕ್ರಾಸ್ ಸ್ಲೈಡಿನ ಹಿಡಿಕೆ ಮುಟ್ಟದೆ, ಒಂದೇ ಓಟದಲ್ಲಿ ಎರಡೂ ಪಟ್ಟಿಗಳ ಮೇಲೆ ತೀರ ತೆಳುವಾದ ಕಟ್ ತೆಗೆಯಿರಿ. ಎರಡನ್ನೂ ಮೈಕ್ರೋಮೀಟರಿನಲ್ಲಿ ಅಳೆದು ಬರೆದಿಡಿ.

ತುದಿಯ ಪಟ್ಟಿ ದಪ್ಪಗಿದ್ದರೆ ಟೂಲು ಅಲ್ಲಿ ಅಕ್ಷದಿಂದ ನಿಮ್ಮ ಕಡೆಗೆ ಸರಿದಿದೆ ಎಂದರ್ಥ. ಆಗ ಟೇಲ್‌ಸ್ಟಾಕ್ ಬದಿಯಲ್ಲಿ, ನೀವು ನಿಲ್ಲುವ ಕಡೆಯ ಕಾಲಿಗೆ ಒಂದು ಶಿಮ್ ಏರಿಸಿ. ಬೆಡ್ಡಿನ ಆ ತುದಿ ಹಿಂದಕ್ಕೆ ವಾಲಿ ಟೂಲು ಅಕ್ಷದ ಹತ್ತಿರ ಬರುತ್ತದೆ. ತುದಿ ತೆಳ್ಳಗಿದ್ದರೆ ಹಿಂಬದಿಯ ಕಾಲಿಗೆ ಏರಿಸಿ. ಮತ್ತೆ ಕಟ್, ಮತ್ತೆ ಅಳತೆ. 100 ಮಿ.ಮೀ. ಅಂತರಕ್ಕೆ ವ್ಯಾಸದ ವ್ಯತ್ಯಾಸ 0.02 ಮಿ.ಮೀ.ಗೆ ಇಳಿದರೆ ಹವ್ಯಾಸಿಗೆ ಅದು ಬಹಳ ಒಳ್ಳೆಯ ಫಲ. ಶಿಮ್ ಎಷ್ಟು ಬದಲಿಸಿದರೂ ಓರೆ ಹೋಗದಿದ್ದರೆ ದೋಷ ಹೆಡ್‌ಸ್ಟಾಕ್ ಕೂತ ರೀತಿಯಲ್ಲಿರಬಹುದು. ಅದನ್ನು ಹಿಡಿದ ಬೋಲ್ಟುಗಳನ್ನು ಸಡಿಲಿಸಿ, ಅಡಿ ಒರೆಸಿ, ಮತ್ತೆ ಕೂರಿಸಿ ನೋಡಬೇಕು. ಇಡೀ ಒಂದು ಭಾನುವಾರ ಇದಕ್ಕೇ ಹೋದರೂ ಬೇಸರ ಮಾಡಿಕೊಳ್ಳಬೇಡಿ. ಮುಂದೆ ಮಾಡುವ ಪ್ರತಿಯೊಂದು ಬುಶ್ಶೂ ಈ ದಿನದ ಮೇಲೆ ನಿಂತಿದೆ.

ಇದಾದ ಮೇಲೆ ಸ್ಲೈಡುಗಳ ಗಿಬ್. ಕ್ರಾಸ್ ಸ್ಲೈಡಿನ ಪಕ್ಕದಲ್ಲಿ ಸಾಲಾಗಿರುವ ಸಣ್ಣ ಸ್ಕ್ರೂಗಳು ಒಳಗಿನ ಒಂದು ಪಟ್ಟಿಯನ್ನು ಒತ್ತುತ್ತವೆ, ಅದೇ ಗಿಬ್. ಪ್ರತಿ ಸ್ಕ್ರೂವನ್ನೂ ಪಟ್ಟಿಗೆ ತಾಗುವವರೆಗೆ ತಿರುಗಿಸಿ, ಕೂದಲೆಳೆಯಷ್ಟು ಹಿಂದೆ ತೆಗೆದು, ನಟ್ ಬಿಗಿಯಿರಿ. ಹಿಡಿಕೆ ಭಾರವೆನಿಸಬೇಕು, ಆದರೆ ಎಲ್ಲೂ ಸಿಕ್ಕಿಹಾಕಿಕೊಳ್ಳಬಾರದು. ಡಯಲ್ ಗೇಜನ್ನು ಟೂಲ್ ಪೋಸ್ಟಿಗೆ ತಾಗಿಸಿ, ಕೈಯಿಂದ ಟೂಲ್ ಪೋಸ್ಟನ್ನು ಜಗ್ಗಿ ನೋಡಿ. ಮುಳ್ಳು ಎಷ್ಟು ಅಲುಗುತ್ತದೆಯೋ ಅಷ್ಟು ಸಡಿಲ ಇನ್ನೂ ಉಳಿದಿದೆ. ಹೊಸ ಲೇತಿನಲ್ಲಿ ಕೆಲಸದ ಮೇಲೆ ಅಲೆ ಅಲೆಯಾಗಿ ಗೆರೆ ಬಿದ್ದರೆ ಮೋಟರನ್ನು ಬೈಯುವ ಮೊದಲು ಗಿಬ್ ನೋಡಿ, ಹೆಚ್ಚಿನ ಸಲ ಕಾರಣ ಅಲ್ಲೇ ಇರುತ್ತದೆ. ಹಿಡಿಕೆ ತಿರುಗಿಸುವ ದಿಕ್ಕು ಬದಲಿಸಿದಾಗ ಸ್ಲೈಡ್ ಸ್ವಲ್ಪ ಹೊತ್ತು ಕದಲದೆ ನಿಲ್ಲುವುದು ಬೇರೆ ಮಾತು. ಅದು ಸ್ಕ್ರೂ ಮತ್ತು ನಟ್ಟಿನ ನಡುವಿನ ಬ್ಯಾಕ್‌ಲ್ಯಾಶ್. ಅದನ್ನು ಪೂರ್ತಿ ಕಳೆಯಲಾಗದು. ಅಳತೆಗೆ ಯಾವಾಗಲೂ ಒಂದೇ ದಿಕ್ಕಿನಿಂದ ಬರುವುದನ್ನು ರೂಢಿಸಿಕೊಂಡರೆ ಅದು ಲೆಕ್ಕಕ್ಕೇ ಬರುವುದಿಲ್ಲ.

ಟೂಲಿನ ಮೊನೆ ಅಕ್ಷದ ಎತ್ತರಕ್ಕೇ ಇರಬೇಕು. ಇದಕ್ಕೊಂದು ಸುಲಭ ಉಪಾಯವಿದೆ. ಮೋಟರ್ ಆರಿಸಿ, ತೆಳುವಾದ ಸ್ಟೀಲ್ ಸ್ಕೇಲನ್ನು ದುಂಡು ಕಂಬಿಗೂ ಟೂಲಿನ ಮೊನೆಗೂ ನಡುವೆ ನಿಲ್ಲಿಸಿ ಮೆಲ್ಲಗೆ ಒತ್ತಿ. ಸ್ಕೇಲ್ ನೆಟ್ಟಗೆ ನಿಂತರೆ ಎತ್ತರ ಸರಿ. ಅದರ ಮೇಲ್ತುದಿ ನಿಮ್ಮ ಕಡೆಗೆ ವಾಲಿದರೆ ಟೂಲು ಕೆಳಗಿದೆ, ಶಿಮ್ ಹಾಕಿ ಎತ್ತಿ. ಆ ಕಡೆಗೆ ವಾಲಿದರೆ ಇಳಿಸಿ. ಕಾರ್ಬೈಡ್ ತುಣುಕುಗಳಿಗಿಂತ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಟೂಲಿನಿಂದ ಶುರು ಮಾಡುವುದು ನನ್ನ ಸಲಹೆ. ಚಿಕ್ಕ ಮೋಟರಿಗೆ ಹರಿತವಾದ ಅಲಗೇ ಬಲ, ಅದನ್ನು ಗ್ರೈಂಡರಿನಲ್ಲಿ ಮಸೆಯಲು ಕಲಿತವರಿಗೆ ಅರ್ಧ ವಿದ್ಯೆ ಬಂದಂತೆ. ವೇಗಕ್ಕೆ ಒಂದು ಲೆಕ್ಕ: ಮೆದು ಉಕ್ಕಿಗೆ ನಿಮಿಷಕ್ಕೆ 25 ಮೀಟರ್ ಹಿಡಿದರೆ, 20 ಮಿ.ಮೀ. ಕಂಬಿಗೆ ಸುಮಾರು 400 ಸುತ್ತು ಬರುತ್ತದೆ. ವ್ಯಾಸ ಇಮ್ಮಡಿಯಾದರೆ ಸುತ್ತು ಅರ್ಧ. ಅಲ್ಯುಮಿನಿಯಂಗೆ ಮೂರು ಪಟ್ಟು ಓಡಿಸಬಹುದು.

ಇಷ್ಟಾದ ಮೇಲೆ ಸುಧಾರಣೆಯ ಮಾತು. ಹಣ ಹಾಕಬೇಕಾದ ಮೊದಲ ಜಾಗ ನಾಲ್ಕು ಜಾ, ಅಂದರೆ ನಾಲ್ಕು ಹಿಡಿದವಡೆಗಳ, ಚಕ್ ಎಂದು ನನ್ನ ಖಚಿತ ಅಭಿಪ್ರಾಯ. ಮೂರು ಜಾ ಚಕ್ ಬೇಗ ಹಿಡಿಯುತ್ತದೆ, ಆದರೆ ಕಂಬಿ 0.05 ಮಿ.ಮೀ. ಓಲಾಡಿದರೂ ಅದನ್ನು ಸರಿಮಾಡಲು ಬರುವುದಿಲ್ಲ. ನಾಲ್ಕು ಜಾ ಚಕ್ಕಿನಲ್ಲಿ ಪ್ರತಿ ಜಾವನ್ನೂ ಬೇರೆ ಬೇರೆ ಸರಿಸಿ, ಗೇಜಿನ ಮುಳ್ಳು ನಿಲ್ಲುವವರೆಗೆ ತರಬಹುದು. ಚೌಕದ ತುಂಡು, ಸವೆದ ಹಳೆಯ ಭಾಗ, ಎಲ್ಲವನ್ನೂ ಅದು ಹಿಡಿಯುತ್ತದೆ. ಎರಡನೆಯದು ಬೇಗ ಬದಲಿಸುವ ಟೂಲ್ ಪೋಸ್ಟ್. ಎತ್ತರಕ್ಕೆ ಪ್ರತಿ ಸಲ ಶಿಮ್ ಹುಡುಕುವುದು ತಪ್ಪುತ್ತದೆ.

ಚಕ್ಕನ್ನು ತಿರುಗಿಸುವ ಸ್ಪಿಂಡಲಿನ ಬೇರಿಂಗ್ ಬದಲಿಸುವುದು ಮೂರನೆಯದು, ಅದೂ ಸ್ಪಿಂಡಲನ್ನು ಗೇಜಿಟ್ಟು ಅಳೆದು ಸಡಿಲ ಕಂಡರೆ ಮಾತ್ರ. ಮಿನಿ ಲೇತುಗಳಲ್ಲಿ ಸಾಮಾನ್ಯವಾಗಿ 6206 ನಂಬರಿನ ಬಾಲ್ ಬೇರಿಂಗ್ ಇರುತ್ತದೆ. ಬಿಚ್ಚಿದಾಗ ಮೇಲಿನ ನಂಬರ್ ಓದಿ ಖಚಿತ ಮಾಡಿಕೊಳ್ಳಿ. ಅದರ ಜಾಗಕ್ಕೆ 30206 ಟೇಪರ್ ರೋಲರ್ ಬೇರಿಂಗ್ ಹಾಕುತ್ತಾರೆ. ಮೈಸೂರಿನ ಬೇರಿಂಗ್ ಅಂಗಡಿಯಲ್ಲಿ ನಂಬರ್ ಹೇಳಿದರೆ ಸಿಗುವ ಮಾಲು. ಒಳ ವ್ಯಾಸ 30, ಹೊರ ವ್ಯಾಸ 62 ಮಿ.ಮೀ. ಎರಡಕ್ಕೂ ಒಂದೇ, ಆದರೆ ದಪ್ಪ 16ರ ಬದಲು 17.25. ಆ ಹೆಚ್ಚಿನ 1.25 ಮಿ.ಮೀ.ಗೆ ಜಾಗ ಕೊಡಲು ಸ್ಪಿಂಡಲಿನ ಸ್ಪೇಸರನ್ನು ಅಷ್ಟು ಗಿಡ್ಡ ಮಾಡಬೇಕು, ಬೇರಿಂಗ್ ಬದಲಿಸುವ ಮುಂಚೆಯೇ ಅದನ್ನು ತಿರುವಿ ಇಟ್ಟುಕೊಳ್ಳಿ. ಬೇರಿಂಗ್ ಬಿಗಿಯುವಾಗ ಆತುರ ಬೇಡ. ಅರ್ಧ ಗಂಟೆ ಓಡಿಸಿದ ಮೇಲೆ ಹೆಡ್‌ಸ್ಟಾಕ್ ಬೆಚ್ಚಗಾದರೆ ಸರಿ, ಕೈಯಿಡಲಾಗದಷ್ಟು ಬಿಸಿಯಾದರೆ ಬಿಗಿ ಜಾಸ್ತಿಯಾಗಿದೆ.

ಒಳಗಿನ ಪ್ಲಾಸ್ಟಿಕ್ ಗೇರು ತೆಗೆದು ಲೋಹದ್ದು ಹಾಕಿ ಎಂದು ಹಲವರು ಹೇಳುತ್ತಾರೆ. ಹೊಸಬರಿಗೆ ನಾನದನ್ನು ಹೇಳುವುದಿಲ್ಲ. ಟೂಲು ಕಚ್ಚಿಕೊಂಡಾಗ ಅಗ್ಗದ ಪ್ಲಾಸ್ಟಿಕ್ ಹಲ್ಲು ಮುರಿದು ಬೋರ್ಡನ್ನೂ ಮೋಟರನ್ನೂ ಉಳಿಸುತ್ತದೆ. ಕೈ ಪಳಗುವವರೆಗೆ ಅದು ಹಾಗೇ ಇರಲಿ, ಒಂದು ಹೆಚ್ಚುವರಿ ಗೇರು ಮನೆಯಲ್ಲಿರಲಿ.

ಇನ್ನು ಸುರಕ್ಷತೆ. ಚಾಲೂ ಮಾಡುವ ಮುನ್ನ ಚಕ್ ಬಿಗಿಯುವ ಕೀ ಚಕ್ಕಿನಿಂದ ಹೊರಗೆ ನಿಮ್ಮ ಕಣ್ಣಿಗೆ ಕಾಣಬೇಕು, ಚಕ್ಕಿನಲ್ಲಿ ಉಳಿದ ಕೀ ಗುಂಡಿನಂತೆ ಹಾರುತ್ತದೆ. ಕನ್ನಡಕ ಕಡ್ಡಾಯ. ಲುಂಗಿ, ಶಲ್ಯ, ಜೋಲು ತೋಳು, ಉಂಗುರ, ಮಣಿಕಟ್ಟಿನ ದಾರ, ಕೈಗವಸು ಯಾವುದೂ ಲೇತಿನ ಮುಂದೆ ಬೇಡ. ಉದ್ದುದ್ದ ಬರುವ ಲೋಹದ ಸುರುಳಿಯನ್ನು ಯಂತ್ರ ನಿಲ್ಲಿಸಿ ಕೊಕ್ಕೆಯಿಂದ ಎಳೆಯಬೇಕು. ಮಕ್ಕಳು ಓಡಾಡುವ ಮನೆಯಾದರೆ ಕೋಣೆಗೆ ಬೀಗವಿರಲಿ.

ಮೊದಲ ಕೆಲಸಗಳನ್ನು ಲೇತಿಗೇ ಮಾಡಿಕೊಡಿ: ಕ್ಯಾರೇಜನ್ನು ಬಿಗಿಹಿಡಿಯುವ ಒಂದು ಲಾಕು, ಟೇಲ್‌ಸ್ಟಾಕಿಗೆ ಸ್ಪ್ಯಾನರ್ ಬೇಡದ ಒಂದು ಹಿಡಿಕೆ, ಆ ಬೇರಿಂಗಿನ ಸ್ಪೇಸರು. ಅಳತೆ ತಪ್ಪಿದರೆ ಹೋಗುವುದು ಒಂದು ತುಂಡು ಕಂಬಿ. ಆಮೇಲೆ ಪಂಪಿನ ಹಿತ್ತಾಳೆ ಬುಶ್ಶಿಗೆ ಕೈ ಹಾಕಿ. ಹಳೆಯ ಬುಶ್ಶನ್ನು ಅಳೆದು ನಂಬಬೇಡಿ, ಅದು ಸವೆದಿರುತ್ತದೆ. ಶಾಫ್ಟಿನ ಸವೆಯದ ಭಾಗವನ್ನೂ ಬುಶ್ ಕೂರುವ ತೂತನ್ನೂ ಅಳೆದು, ಆ ಅಂಕಿಗಳನ್ನು ನೋಟ್‌ಬುಕ್ಕಿನಲ್ಲಿ ಬರೆದ ಮೇಲೆ ಹಿತ್ತಾಳೆಯನ್ನು ಚಕ್ಕಿಗೆ ಹಿಡಿಯಿರಿ.