ಹೊಳೆಯೊಳಗಿನ ಪರದೇಶಿ ಚಿಪ್ಪು: ಗುರುತು ಮತ್ತು ತಡೆ



ಗದ್ದೆಯ ಕೆಲಸ ಮುಗಿಸಿ ಇಳಿತದ ಹೊತ್ತಿಗೆ ಹೊಳೆಗಿಳಿದು ಬಳಚು, ನೀಲಿಕಲ್ಲು ಆರಿಸುವ ಮನೆಗಳು ನಮ್ಮ ಕರಾವಳಿಯ ಹಳ್ಳಿಗಳಲ್ಲಿ ಅನೇಕ ಉಂಟು. ಈ ಪಾಠ ಮುಖ್ಯವಾಗಿ ಅವರಿಗಾಗಿ. ಓದಬಲ್ಲವರು ನೆರೆಮನೆಯವರಿಗೂ ಓದಿ ಹೇಳಿರಿ.

ಕಾಂಗ್ರೆಸ್ ಹುಲ್ಲು ಅಮೆರಿಕದ ಕಡೆಯಿಂದ ಬಂದು ನಮ್ಮ ಹೊಲಗಳನ್ನು ಹಿಡಿದುದನ್ನು ತಾವು ಬಲ್ಲಿರಿ. ಅದೇ ಕಡೆಯಿಂದ ನೀರಿನ ಕಳೆಯೊಂದೂ ಬಂದಿದೆ. ಇದು ಗಿಡವಲ್ಲ, ನೀಲಿಕಲ್ಲಿನ ಜಾತಿಗೆ ಸೇರಿದ ಚಿಪ್ಪಿನ ಪ್ರಾಣಿ. ಶಾಸ್ತ್ರಜ್ಞರು ಇದನ್ನು ಮೈಟೆಲ್ಲಾ ಸ್ಟ್ರೈಗಾಟಾ ಎನ್ನುತ್ತಾರೆ. ಹಡಗಿನ ತಳಕ್ಕೆ ಅಂಟಿಕೊಂಡು, ಹಡಗು ತೂಕಕ್ಕಾಗಿ ತುಂಬಿಕೊಳ್ಳುವ ನೀರಿನಲ್ಲಿ ಕಣ್ಣಿಗೆ ಕಾಣದ ಮರಿಯಾಗಿ ಸೇರಿಕೊಂಡು ಇಂಥವು ದೇಶ ದಾಟುತ್ತವೆ. ಫಿಲಿಪ್ಪೀನ್ಸ್, ಸಿಂಗಾಪುರ, ಥಾಯ್ಲೆಂಡ್‌ಗಳಲ್ಲಿ ಕಂಡ ಈ ಚಿಪ್ಪು 2018–19ರ ಸುಮಾರಿಗೆ ಕೇರಳದ ಹಿನ್ನೀರಿನಲ್ಲೂ ಕಂಡಿತು. ಅಲ್ಲಿಯವರು ಇಟ್ಟ ಹೆಸರು ‘ವರತ್ತನ್ ಕಕ್ಕ’, ಎಂದರೆ ಹೊರಗಿನಿಂದ ಬಂದ ಚಿಪ್ಪು. ಹೆಸರು ತಕ್ಕುದಾಗಿಯೇ ಇದೆ.

ಕೊಲ್ಲಂ ಬಳಿಯ ಅಷ್ಟಮುಡಿ ಹಿನ್ನೀರು ಬಳಚಿಗೆ ಹೆಸರಾದುದು. 2014ರಲ್ಲಿ ಅಲ್ಲಿನ ಬಳಚು ಹಿಡಿಯುವ ಕ್ರಮಕ್ಕೆ ಅಂತರರಾಷ್ಟ್ರೀಯ ಪ್ರಮಾಣಪತ್ರ ದೊರೆಯಿತು. ಭಾರತದಲ್ಲಿ ಅದೇ ಮೊದಲನೆಯದು. ಕೆಲವೇ ವರ್ಷಗಳಲ್ಲಿ ಆ ನೀರಿನ ಕಲ್ಲು ಕಂಬಗಳ ಮೇಲೆಲ್ಲ ಈ ಚಿಪ್ಪು ಹರಡಿ ನೀಲಿಕಲ್ಲಿನ ಜಾಗವನ್ನು ಕಿತ್ತುಕೊಂಡಿತು. ಬಳಚು ಕಡಿಮೆಯಾಗಲು ಇದೊಂದೇ ಕಾರಣವೆನ್ನುವುದು ಸರಿಯಲ್ಲ, ಹೊಲಸು ನೀರೂ ಅದರಲ್ಲಿ ಪಾಲುದಾರ. ಚೆನ್ನೈ ಬಳಿಯ ಎನ್ನೂರಿನಲ್ಲಂತೂ ಇದು ಕೆಸರಿನ ಮೇಲೆ ಚಾಪೆಯಂತೆ ಹಾಸಿಕೊಂಡು, ಕೈಯಿಂದ ಸಿಗಡಿ ಹಿಡಿದು ಬದುಕುವವರ ಹೊಟ್ಟೆಯ ಮೇಲೆ ಹೊಡೆಯಿತು. ಸಿಗಡಿ ಹುದುಗುವ ಕೆಸರೇ ಮುಚ್ಚಿಹೋದರೆ ಹಿಡಿಯುವುದೇನನ್ನು?

ಇದಕ್ಕೆ ಇಂಥದೇ ನೀರು ಬೇಕೆಂದಿಲ್ಲ. ಸಮುದ್ರದ ಉಪ್ಪಿನಲ್ಲೂ ಬಾಳುತ್ತದೆ, ಮಳೆಗಾಲದ ಸಪ್ಪೆ ನೀರನ್ನೂ ಬಹಳ ಮಟ್ಟಿಗೆ ತಾಳುತ್ತದೆ. ಅರ್ಧ ಇಂಚು ಬೆಳೆಯುವಷ್ಟರಲ್ಲೇ ಸಂತಾನಕ್ಕೆ ಸಿದ್ಧ. ಗಜನಿಯ ಬಾಗಿಲ ಹಲಗೆ, ಸೇತುವೆಯ ಕಂಬ, ದೋಣಿಯ ತಳ, ಪಂಜರದ ಬಲೆ ಮೊದಲಾದುವೆಲ್ಲ ಅದು ಅಂಟಿಕೊಳ್ಳಬಲ್ಲ ಜಾಗಗಳೇ.

ಗುರುತಿಸುವುದು ಹೇಗೆ? ನೀಲಿಕಲ್ಲು ನಾಲ್ಕು ಬೆರಳಿನ ಅಗಲಕ್ಕೂ ಮೀರಿ ಬೆಳೆಯುತ್ತದೆ. ಅಂಚಿನಲ್ಲಿ ಹಸಿರು, ಒಳಮೈ ಬೆಳ್ಳಗೆ ಹೊಳೆಯುತ್ತದೆ. ಪರದೇಶಿ ಚಿಪ್ಪು ಸಾಮಾನ್ಯವಾಗಿ ಎರಡು ಇಂಚಿನೊಳಗೇ. ಸಿಪ್ಪೆ ತೆಳು. ಹೊರಗೆ ಕಪ್ಪು ಅಥವಾ ಕಂದು, ಒಮ್ಮೊಮ್ಮೆ ಹಸಿರು ಛಾಯೆ, ಪಟ್ಟೆಗಳೂ ಉಂಟು. ಆದುದರಿಂದ ಹೊರಬಣ್ಣ ನೋಡಿ ತೀರ್ಮಾನಿಸಬೇಡಿರಿ. ಬಿಡಿಸಿ ನೋಡಿರಿ: ಒಳಮೈ ನೇರಳೆ ಬಣ್ಣದ್ದು. ಒಂಟಿಯಾಗಿ ಸಿಗುವುದು ಕಡಿಮೆ. ನಾರಿನಂಥ ಎಳೆಗಳಿಂದ ಒಂದಕ್ಕೊಂದು ಹೆಣೆದುಕೊಂಡ ಗೊಂಚಲಾಗಿಯೇ ಕಾಣುತ್ತದೆ.

ನಮ್ಮ ನೀರಿನಲ್ಲೇ ಹುಟ್ಟಿದ ಸಣ್ಣ ಕಪ್ಪು ಚಿಪ್ಪುಗಳೂ ಇವೆ. ಅನುಮಾನ ಬಂದೊಡನೆ ಕೆರೆದು ನಾಶ ಮಾಡಿದರೆ ನಮ್ಮ ಬೆಳೆಯನ್ನೇ ನಾವು ಕಿತ್ತಂತಾದೀತು. ಮೊದಲು ಒಂದು ಗೊಂಚಲನ್ನು ಬೇಯಿಸಿ ಸೀಸೆಯಲ್ಲಿಟ್ಟು, ಸಿಕ್ಕಿದ ಜಾಗ, ದಿನ ಬರೆದು ಮೀನುಗಾರಿಕೆ ಇಲಾಖೆಯ ತಾಲ್ಲೂಕು ಕಚೇರಿಗೆ ತೋರಿಸಿರಿ. ಮೊಬೈಲಿನಲ್ಲಿ ಒಳಮೈ ಹೊರಮೈ ಎರಡರ ಚಿತ್ರವನ್ನೂ ತೆಗೆದಿಡಿರಿ.

ಹೊಳೆಯಲ್ಲಿ ನೆಲೆಯೂರಿದ ಮೇಲೆ ಇದನ್ನು ಬೇರುಸಹಿತ ತೆಗೆಯುವುದು ಬಹಳ ಕಷ್ಟ. ಒಂದು ಹೊಳೆಯಿಂದ ಇನ್ನೊಂದಕ್ಕೆ ದಾಟಿಸುವವರು ಬಹಳ ಮಟ್ಟಿಗೆ ನಾವೇ ಆದುದರಿಂದ ಅಲ್ಲೇ ತಡೆಯಬೇಕು. ಬೇರೆ ಊರಿನಿಂದ ನೀಲಿಕಲ್ಲಿನ ಮರಿ ತಂದರೆ ಚೀಲ ಬಿಚ್ಚಿ ಒಂದೊಂದಾಗಿ ನೋಡಿರಿ. ಮರಿಯೊಡನೆ ಬಂದ ನೀರನ್ನು ಹೊಳೆಗೆ ಚೆಲ್ಲದೆ ದೂರದ ಒಣನೆಲಕ್ಕೆ ಚೆಲ್ಲಿರಿ. ಹಳೆಯ ಹಗ್ಗ, ಬಲೆ, ಪಂಜರಗಳನ್ನು ಪೂರ್ತಿ ಒಣಗುವವರೆಗೆ ಬಿಸಿಲಿಗೆ ಹಾಕಿರಿ. ಸಿಹಿನೀರಿನಲ್ಲಿ ಒಮ್ಮೆ ಅದ್ದಿ ತೆಗೆದರೆ ಸಾಯುವ ಪ್ರಾಣಿ ಇದಲ್ಲ. ದೋಣಿಯನ್ನು ದಡಕ್ಕೆ ಎಳೆದು ಕೆರೆಯಿರಿ. ಕೆರೆದುದನ್ನು ನೀರಿಗೆ ತಳ್ಳದೆ, ಭರತ ಮುಟ್ಟದ ಎತ್ತರದಲ್ಲಿ ಗುಂಡಿ ತೋಡಿ ಹೂಳಿರಿ.

ತಿನ್ನಲು ಬರುವ ಚಿಪ್ಪೇ ಇದು. ಮಾರಿದರೆ ನಾಲ್ಕು ಕಾಸು ಬರುತ್ತದಲ್ಲಾ, ನಮ್ಮ ಹೊಳೆಯಲ್ಲೂ ಬೆಳೆಸೋಣ ಎಂದು ಯಾರಾದರೂ ಜೀವಂತ ಗೊಂಚಲು ತಂದರೆ ದಯವಿಟ್ಟು ಅಲ್ಲೇ ನಿಲ್ಲಿಸಿ, ಒಲೆಯ ಮೇಲಿನ ಮಡಕೆಗೆ ಹಾಕಿಸಿರಿ.