ಇಂಡೆಂಟ್ ಪುಸ್ತಕ ಮೊದಲು ನೋಡು, ಮಗಳೇ

ಬೇಲೂರಿನಲ್ಲಿ ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬಿಲ್ಲ, ಆಗಲೇ ಕಚೇರಿಯನ್ನು ಪರಿಸರಸ್ನೇಹಿ ಮಾಡಬೇಕು ಅಂತ ಹೊರಟಿದ್ದೀಯಂತೆ. ಸಂತೋಷ. ಗುಮಾಸ್ತನಾಗಿ ಸೇರಿ ಶಿರಸ್ತೇದಾರನಾಗಿ ನಿವೃತ್ತನಾದ ನಿನ್ನ ದೊಡ್ಡಪ್ಪನ ನಾಲ್ಕು ಮಾತು ಕೇಳು. ಹಿಡಿಸಿದ್ದನ್ನು ಇಟ್ಟುಕೋ, ಉಳಿದದ್ದನ್ನು ಬಿಡು.

ಜೂನ್ 5ಕ್ಕೆ ಗಿಡ ನೆಟ್ಟು, ಸಾಹೇಬರ ಜೊತೆ ಫೋಟೊ ತೆಗೆಸಿಕೊಂಡು, ಗೇಟಿಗೆ ಫ್ಲೆಕ್ಸ್ ಕಟ್ಟುವ ಕಾರ್ಯಕ್ರಮದಿಂದ ಮಾತ್ರ ಶುರು ಮಾಡಬೇಡ. ಫ್ಲೆಕ್ಸ್, ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ ಎಲ್ಲವನ್ನೂ ನಮ್ಮ ರಾಜ್ಯ ಸರ್ಕಾರ 2016ರ ಮಾರ್ಚ್‌ನಲ್ಲೇ ನಿಷೇಧಿಸಿದೆ. ಪರಿಸರ ದಿನಾಚರಣೆಗೇ ಫ್ಲೆಕ್ಸ್ ಕಟ್ಟುವವರನ್ನು ನಾನು ಸಾಕಷ್ಟು ನೋಡಿದ್ದೇನೆ. ಕಚೇರಿಯಿಂದ ಏನೇನು ಕಸವಾಗಿ ಹೊರಗೆ ಹೋಗುತ್ತದೆ ಅನ್ನುವುದು ತೀರ್ಮಾನವಾಗುವುದು ಇಂಡೆಂಟ್ ಬರೆಯುವ ಮೇಜಿನ ಮೇಲೆ. ಸಾಮಾನು ಒಳಗೆ ಬಂದ ಮೇಲೆ ಯಾರು ಎಷ್ಟು ಭಾಷಣ ಮಾಡಿದರೂ ಅದು ಒಂದಲ್ಲ ಒಂದು ದಿನ ಕಸದ ಬುಟ್ಟಿಗೆ ಬೀಳುವುದೇ. ಹಾಗಾಗಿ ಕಳೆದ ಎರಡು ವರ್ಷದ ಇಂಡೆಂಟನ್ನೂ ಚೆಸ್ಕಾಂ ಬಿಲ್ಲುಗಳನ್ನೂ ಇಟ್ಟುಕೊಂಡು ಒಂದು ಸಂಜೆ ಕೂತು ಓದು. ಬೇರೆ ಯಾವ ಪುಸ್ತಕವೂ ನಿನ್ನ ಕಚೇರಿಯ ಬಗ್ಗೆ ಇಷ್ಟು ನಿಜ ಹೇಳುವುದಿಲ್ಲ.

ಕಾಗದದ ವಿಷಯಕ್ಕೆ ಬರೋಣ. ಎರಡೂ ಬದಿ ಪ್ರಿಂಟ್ ತೆಗೆಯಿರಿ, ಒಂದು ಬದಿ ಖಾಲಿ ಇರುವ ಹಾಳೆಯನ್ನು ಕರಡಿಗೆ ಬಳಸಿ ಅಂತ ಎಲ್ಲರೂ ಹೇಳುತ್ತಾರೆ, ನೀನೂ ಹೇಳು. ನಮ್ಮ ಕಾಲದಲ್ಲಿ ಟಪಾಲಿನಲ್ಲಿ ಬಂದ ಲಕೋಟೆಯನ್ನು ಬಿಸಾಡುತ್ತಿರಲಿಲ್ಲ. ವಿಳಾಸದ ಮೇಲೆ ಒಂದು ಚೀಟಿ ಅಂಟಿಸಿ ಮತ್ತೊಂದು ಕಚೇರಿಗೆ ಕಳಿಸುತ್ತಿದ್ದೆವು. ಈಗ ವಾಟ್ಸ್‌ಆ್ಯಪ್‌ನಲ್ಲಿ ಬಂದ ಸುತ್ತೋಲೆಯನ್ನು ಆರು ಮೇಜಿನವರು ಆರು ಪ್ರಿಂಟ್ ತೆಗೆದು ಆರು ಫೈಲಿಗೆ ಹಾಕುತ್ತಾರೆ. ಇದನ್ನು ನಿಲ್ಲಿಸಬಹುದು, ಕಷ್ಟವೇನಲ್ಲ.

ಆದರೆ ದೊಡ್ಡ ಪೋಲು ಕಚೇರಿಯೊಳಗೆ ಕಾಣುವುದೇ ಇಲ್ಲ. ಅದು ಗೇಟಿನಾಚೆ, ಜೆರಾಕ್ಸ್ ಅಂಗಡಿಯಲ್ಲಿದೆ. ಒಂದು ಅರ್ಜಿಗೆ ಆಧಾರ್ ಮೂರು ಪ್ರತಿ, ಪಡಿತರ ಚೀಟಿ ಎರಡು ಪ್ರತಿ, ಪಹಣಿ ಬೇರೆ. ‘ಭೂಮಿ’ ಯೋಜನೆಯಲ್ಲಿ ಪಹಣಿ ಕಂಪ್ಯೂಟರಿಗೆ ಹತ್ತಿ ಇಪ್ಪತ್ತು ವರ್ಷದ ಮೇಲಾಯಿತು. ಸರ್ಕಾರದ ಕಂಪ್ಯೂಟರಿನಲ್ಲಿರುವ ಕಾಗದವನ್ನೇ ರೈತ ದುಡ್ಡು ಕೊಟ್ಟು ಪಡೆದು, ಅದಕ್ಕೆ ಜೆರಾಕ್ಸ್ ಮಾಡಿಸಿ, ಸರ್ಕಾರದ ಇನ್ನೊಂದು ಮೇಜಿಗೆ ತಂದುಕೊಡುತ್ತಾನೆ. ಆ ಮೇಜಿನವರು ಅದನ್ನು ಟ್ಯಾಗ್ ಹಾಕಿ ಕಟ್ಟಿಡುತ್ತಾರೆ, ಮತ್ತೆ ಯಾರೂ ಬಿಚ್ಚುವುದಿಲ್ಲ.

ಇನ್ನು ಅವನ ಓಡಾಟ. ಹಳೇಬೀಡಿನಿಂದ ಬೇಲೂರಿಗೆ ಸುಮಾರು 16 ಕಿಲೋಮೀಟರ್. ಒಂದು ಪ್ರತಿ ಕಡಿಮೆಯಿದೆ ಅಂತಲೋ, ಫೋಟೊ ಅಂಟಿಸಿಲ್ಲ ಅಂತಲೋ ನೀನು ವಾಪಸ್ ಕಳಿಸಿದರೆ ಮರುದಿನ ಅವನ ಬೈಕು ಹೋಗಿ ಬರಲು ಇನ್ನೂ 32 ಕಿಲೋಮೀಟರ್ ಓಡಬೇಕು. ಅರೇಹಳ್ಳಿ, ಬಿಕ್ಕೋಡು ಕಡೆಯವರು ಮಳೆಗಾಲದಲ್ಲಿ ತೋಟದ ಕೆಲಸ ಬಿಟ್ಟು ಬಸ್ಸಿಗೆ ಕಾಯಬೇಕು. ದಿನಕ್ಕೆ ಹೀಗೆ ಹತ್ತು ಜನ ವಾಪಸ್ ಹೋದರೆ ಸುಡುವ ಪೆಟ್ರೋಲು ಎಷ್ಟು ಅಂತ ನೀನೇ ಗುಣಿಸಿ ನೋಡು. ನಿಮ್ಮ ಕಚೇರಿಯ ಒಂದೆರಡು ಟ್ಯೂಬ್‌ಲೈಟ್ ಆರಿಸಿ ಉಳಿಸುವುದು ಇದರ ಮುಂದೆ ಯಾವ ಮೂಲೆಗೆ? ಅದಕ್ಕೇ ಹೇಳುತ್ತೇನೆ: ಯಾವ ಅರ್ಜಿಗೆ ಯಾವ ದಾಖಲೆ, ಎಷ್ಟು ಪ್ರತಿ ಅಂತ ದಪ್ಪ ಅಕ್ಷರದಲ್ಲಿ ಒಂದು ಬೋರ್ಡು ಬರೆಸು. ಅದರ ಫೋಟೊ ತೆಗೆದು ಗ್ರಾಮ ಪಂಚಾಯಿತಿಗಳಿಗೆಲ್ಲ ಕಳಿಸು. ನಿನ್ನ ಪರದೆಯ ಮೇಲೆ ಕಾಣುವ ದಾಖಲೆಗೆ ಪ್ರತಿ ಕೇಳಬೇಡ. ನಿಯಮದಲ್ಲಿ ಕೇಳಲೇಬೇಕು ಅಂತಿದ್ದರೆ ಬಿಡಿಸುವಂತೆ ಮೇಲಕ್ಕೆ ಒಂದು ಟಿಪ್ಪಣಿ ಬರೆ. ಬಂದವರ ಕೆಲಸ ಬಂದ ದಿನವೇ ಮುಗಿಸುವ ಕಚೇರಿಗಿಂತ ಪರಿಸರಸ್ನೇಹಿ ಕಚೇರಿ ಇನ್ನೊಂದಿಲ್ಲ ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಹಾಗಂತ ಹಳೆಯ ಕಡತಗಳನ್ನು ಸ್ಕ್ಯಾನ್ ಆಯಿತು ಅಂತ ಗುಜರಿಗೆ ಹಾಕುವ ಉತ್ಸಾಹ ಬೇಡ. ರುಮಾಲಿನಲ್ಲಿ ಕಟ್ಟಿಟ್ಟ ಮೂಲ ದಾಖಲೆಗಳ ಮೇಲೆ ಜನರ ಜಮೀನು ನಿಂತಿದೆ. ಯಾವುದನ್ನು ಎಷ್ಟು ವರ್ಷ ಇಡಬೇಕು ಅನ್ನುವುದಕ್ಕೆ ನಿಯಮವಿದೆ, ಅದನ್ನು ಓದಿಕೋ.

ಟೀ ವಿಷಯ. ಪೇಪರ್ ಕಪ್ ಕಾಗದದ್ದು, ಮಣ್ಣಿಗೆ ಸೇರುತ್ತೆ ಅಂತ ನಂಬಿದವರೇ ಜಾಸ್ತಿ. ಒಳಮೈಯನ್ನು ಉಗುರಿನಿಂದ ಕೆರೆದು ನೋಡು, ತೆಳ್ಳಗೆ ಪ್ಲಾಸ್ಟಿಕ್ ಪೊರೆ ಇರುತ್ತದೆ. ಬಿಸಿ ಟೀ ಸೋರದೆ ನಿಲ್ಲುವುದು ಆ ಪೊರೆಯಿಂದಲೇ. ಅದರಲ್ಲಿ ಗುಟುಕು ಟೀ ಉಳಿಸಿ ಬುಟ್ಟಿಗೆ ಎಸೆದರೆ ಒಣ ಕಸವೂ ಒದ್ದೆ, ಪಕ್ಕದಲ್ಲಿದ್ದ ಒಳ್ಳೆಯ ಕಾಗದವೂ ಒದ್ದೆ. ಪುರಸಭೆಯ ಪೌರಕಾರ್ಮಿಕರು ಇದನ್ನು ಹೇಗೆ ವಿಂಗಡಿಸಬೇಕು ಹೇಳು. ಪಾತ್ರೆ ಅಂಗಡಿಯಿಂದ ತಲೆಗೊಂದು ಸ್ಟೀಲ್ ಲೋಟ ತರಿಸು, ಮೇಲೆ ಹತ್ತು ಬಂದವರಿಗೆ. ಮದುವೆ ಉಡುಗೊರೆ ಪಾತ್ರೆಗೆ ಹಾಕುವ ಹಾಗೆ ಅಂಗಡಿಯವನ ಕೈಯಲ್ಲೇ ಲೋಟದ ಅಂಚಿಗೆ ಹೆಸರು ಕೆತ್ತಿಸಿಬಿಡು. ಹೆಸರಿದ್ದ ಲೋಟ ಕಳೆದುಹೋಗುವುದಿಲ್ಲ, ‘ನನ್ನದಲ್ಲ’ ಅಂತ ತೊಳೆಯದೆ ಬಿಟ್ಟುಹೋಗುವುದಕ್ಕೂ ಆಗುವುದಿಲ್ಲ.

ತೊಳೆಯುವುದು ಅಂದೆನಲ್ಲ, ಇದನ್ನು ಗಟ್ಟಿಯಾಗಿ ಹಿಡಿದುಕೋ. ಪೇಪರ್ ಕಪ್ ಬಿಟ್ಟ ಪುಣ್ಯ ಎಲ್ಲರದು, ಲೋಟ ತೊಳೆಯುವ ಕೆಲಸ ಮಾತ್ರ ಡಿ ಗ್ರೂಪಿನ ಅಕ್ಕನದು ಅಂತಾದರೆ ಆ ಲೋಟಗಳು ಮೂರು ತಿಂಗಳಲ್ಲಿ ಬೀರು ಸೇರುತ್ತವೆ. ಸೇರಬೇಕಾದದ್ದೇ. ಅವರವರ ಲೋಟ ಅವರವರೇ ತೊಳೆಯಲಿ. ಸಾಹೇಬರ ಲೋಟದಿಂದಲೇ ಶುರುವಾಗಲಿ. ಅವರಿಗೆ ಹೇಳುವ ಧೈರ್ಯ ನಿನಗೆ ಬರದಿದ್ದರೆ ಅವರೆದುರು ನಿನ್ನ ಲೋಟ ತೊಳೆ, ಸಾಕು. ಕಾಫಿ ಚರಟ, ಟೀ ಸೊಪ್ಪು ಕುಂಡಗಳಿಗೆ ಹೋಗಲಿ.

ಮೀಟಿಂಗಿನಲ್ಲಿ ಅರ್ಧ ಕುಡಿದು ಬಿಟ್ಟ ಪ್ಲಾಸ್ಟಿಕ್ ನೀರಿನ ಬಾಟಲಿಗಳ ಬಗ್ಗೆ ನೀನು ವಾದ ಮಾಡಬೇಕಾದ್ದೇ ಇಲ್ಲ. ಸರ್ಕಾರಿ ಸಭೆಗಳಲ್ಲಿ ಅವು ಬೇಡ ಅಂತ 2025ರಲ್ಲಿ ಮುಖ್ಯಮಂತ್ರಿಗಳೇ ಸೂಚಿಸಿದ್ದಾರೆ. ಹಾರ, ಶಾಲು, ಬೊಕೆ ಬೇಡ, ಕನ್ನಡ ಪುಸ್ತಕ ಕೊಡಿ ಅಂತ 2021ರಲ್ಲೇ ಹೇಳಿಯಾಗಿದೆ. ಆ ಎರಡೂ ಸೂಚನೆಗಳ ಪ್ರತಿ ಹುಡುಕಿ ನೋಟಿಸ್ ಬೋರ್ಡಿಗೆ ಅಂಟಿಸು. ಕಚೇರಿಯಲ್ಲಿ ನೀತಿಯ ಮಾತಿಗಿಂತ ಆದೇಶದ ಪ್ರತಿಗೆ ಬೆಲೆ ಹೆಚ್ಚು.

ಕರೆಂಟಿನ ವಿಷಯಕ್ಕೆ ಮೊದಲು ಬೀರುಗಳನ್ನು ಸರಿಸು. ನಾನು ಕೆಲಸ ಮಾಡಿದ ಒಂದು ಕಚೇರಿಯಲ್ಲಿ ಮೂರು ಕಿಟಕಿಗೆ ಅಡ್ಡಲಾಗಿ ಕಬ್ಬಿಣದ ಬೀರು ನಿಲ್ಲಿಸಿ, ಮಟಮಟ ಮಧ್ಯಾಹ್ನ ಟ್ಯೂಬ್‌ಲೈಟ್ ಉರಿಸುತ್ತಿದ್ದರು. ಬೇಲೂರಿನಲ್ಲಿ ಕೂತು ಹೀಗೆ ಮಾಡಬಾರದು. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಚೆನ್ನಕೇಶವ ದೇವಾಲಯದ ನವರಂಗ ಮೊದಲು ತೆರೆದ ಮಂಟಪ. ಅದಕ್ಕೆ ಗೋಡೆ ಬೇಕಾದಾಗ, ಅವನ ಮೊಮ್ಮಗ ವೀರಬಲ್ಲಾಳನ ಕಾಲದಲ್ಲಿ, ಕಲ್ಲಿನ ಜಾಲಂಧ್ರ ಕೂಡಿಸಿದರು. ಮರೆಯೂ ಆಯಿತು, ಗಾಳಿ ಬೆಳಕಿಗೆ ಅಡ್ಡಿಯೂ ಆಗಲಿಲ್ಲ. (ನವರಂಗದ ಚಾವಣಿಯ ‘ಭುವನೇಶ್ವರಿ’ ಕೆತ್ತನೆ ನೋಡಲು ಈಗ ಗೈಡುಗಳು ದೀಪ ಹಾಕಿಸುತ್ತಾರೆ, ಆ ಮಾತು ಬೇರೆ.) ಮೂರು ಸಾವಿರ ಅಡಿ ಎತ್ತರದ ಈ ಊರಿಗೆ ವರ್ಷದಲ್ಲಿ ಬಹುಪಾಲು ದಿನ ಎಸಿಯೇ ಬೇಡ. ಇದ್ದೇ ಇದ್ದರೆ 24 ಡಿಗ್ರಿಗಿಂತ ಕೆಳಗಿಳಿಸಬೇಡ. ಒಂದು ಡಿಗ್ರಿ ಏರಿಸಿದರೆ ಸುಮಾರು ನೂರಕ್ಕೆ ಆರರಷ್ಟು ಕರೆಂಟು ಉಳಿಯುತ್ತದೆ ಅಂತ ಕೇಂದ್ರದ ಇಂಧನ ದಕ್ಷತಾ ಬ್ಯೂರೊ ಹೇಳುತ್ತದೆ. ಹಳೇ ಫ್ಯಾನು ಸುಮಾರು 75 ವ್ಯಾಟ್ ಎಳೆಯುತ್ತದೆ, ಹೊಸ ಬಿಎಲ್‌ಡಿಸಿ ಫ್ಯಾನು 30ರ ಆಸುಪಾಸು. ಹತ್ತು ಫ್ಯಾನು, ದಿನಕ್ಕೆ ಎಂಟು ಗಂಟೆ, ತಿಂಗಳಿಗೆ 25 ದಿನ ಅಂದರೆ 150 ಯೂನಿಟ್ ಹೋಗುವ ಕಡೆ 60 ಸಾಕು. ಫ್ಯಾನು ಬದಲಿಸಿ ಅಂತ ಕೇಳುವ ಟಿಪ್ಪಣಿಯಲ್ಲಿ ಭೂಮಿತಾಯಿಯ ಮಾತು ಬರೆಯಬೇಡ, ಈ ಲೆಕ್ಕ ಬರೆ. ಲೆಕ್ಕದ ಶಾಖೆಯವರು ಸಹಿ ಹಾಕುವುದು ಅದಕ್ಕೇ.

ನೀರು: ಸೆಕೆಂಡಿಗೊಂದು ಹನಿ ತೊಟ್ಟಿಕ್ಕುವ ನಲ್ಲಿಯಿಂದ ದಿನಕ್ಕೆ ಒಂದು 20 ಲೀಟರಿನ ಕ್ಯಾನಿನಷ್ಟು ನೀರು ಹೋಗುತ್ತದೆ. ಯಗಚಿ ಹೊಳೆ ಪಕ್ಕದಲ್ಲಿದೆ ಅಂತ ಉದಾಸೀನ ಬೇಡ. ನೂರು ಚದರ ಮೀಟರಿನ ತಾರಸಿಗೆ ಹತ್ತು ಮಿಲಿಮೀಟರ್ ಮಳೆ ಬಿದ್ದರೆ ಸಾವಿರ ಲೀಟರು. ಶೌಚಾಲಯಕ್ಕೂ ಗಿಡಕ್ಕೂ ಅದು ಧಾರಾಳ.

ಕೊನೆಯದಾಗಿ, ಮೆಟ್ಟಿಲ ಕೆಳಗಿನ ಕತ್ತಲೆ ಮೂಲೆ. ಅದಿಲ್ಲದ ಸರ್ಕಾರಿ ಕಚೇರಿಯನ್ನು ನಾನು ಕಂಡಿಲ್ಲ. ಕೆಟ್ಟ ಮಾನಿಟರು, ಉಬ್ಬಿದ ಯುಪಿಎಸ್ ಬ್ಯಾಟರಿ, ಟೋನರ್ ಡಬ್ಬಿ, ಸುಟ್ಟ ಟ್ಯೂಬುಗಳು. ಹಳೇ ದಪ್ಪ ಮಾನಿಟರಿನ ಗಾಜಿನಲ್ಲಿ ಸೀಸವಿದೆ, ಟ್ಯೂಬಿನಲ್ಲಿ ಪಾದರಸವಿದೆ. ದಾಸ್ತಾನು ಪುಸ್ತಕದಲ್ಲಿ ಹೆಸರಿರುವುದರಿಂದ ಯಾರೂ ಮುಟ್ಟುವುದಿಲ್ಲ. ಯಾರಾದರೂ ಮುಟ್ಟಿದರೆ ಅದು ಗುಜರಿಯವನ ಕೈ ಸೇರಿ, ತಾಮ್ರ ತೆಗೆಯಲು ಒಡೆದ ಗಾಜು ಮೋರಿಗೆ ಬೀಳುತ್ತದೆ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮದಂತೆ ಇವು ನೋಂದಾಯಿತ ಮರುಬಳಕೆದಾರರ ಕೈಗೇ ಸೇರಬೇಕು. ಬ್ಯಾಟರಿಯನ್ನು ಹೊಸದು ಕೊಳ್ಳುವಾಗ ಅಂಗಡಿಯವರಿಗೇ ವಾಪಸ್ ಕೊಡು. ದಾಸ್ತಾನು ಪುಸ್ತಕದ ಜೊತೆ ಒಂದೊಂದನ್ನೇ ತಾಳೆ ನೋಡಿ ಪಟ್ಟಿ ಮಾಡಿ, ನಿರುಪಯುಕ್ತ ಅಂತ ಘೋಷಿಸಲು ಟಿಪ್ಪಣಿ ಮಂಡಿಸು. ಇದೇ ವಾರ ಮಾಡು. ಮಾರ್ಚ್ ಬಂತು ಅಂದರೆ ಬಿಲ್ಲು ಪಾಸು ಮಾಡುವ ಗಡಿಬಿಡಿಯಲ್ಲಿ ಯಾರಿಗೂ ಪುರುಸೊತ್ತಿರುವುದಿಲ್ಲ.